ದೋಣಿಯ ಮೂಗು

ಕಳೆದ ಸಂಚಿಕೆಯಲ್ಲಿ ನಾವು ಉಪ್ಪಿನಕಾಯಿ ಭರಣಿಯ ವಿಚಾರ ಬರೆದುದನ್ನು ಓದಿದ ಸೋದರಿಯೊಬ್ಬರು, "ಇನ್ನಾದರೂ ಅಡಿಗೆಮನೆ ಬಿಟ್ಟು ಹೊರಗೆ ಬನ್ನಿರಿ, ಅಲ್ಲಿ ನಮಗೇ ಸ್ಥಳ ಸಾಲದು" ಎಂದು ಕಾಗದ ಬರೆದಿದ್ದಾರೆ. ಅಪ್ಪಣೆಯನ್ನು ತಲೆಯ ಮೇಲೆ ಹೊತ್ತು, ಈ ಸಲ ಅಡಿಗೆಮನೆಯನ್ನಷ್ಟೇ ಅಲ್ಲ, ಪುಣೆಯನ್ನೇ ಬಿಟ್ಟು, ತಾಮ್ಹಿಣಿ ಘಟ್ಟವಿಳಿದು ಸಮುದ್ರದ ದಂಡೆಯವರೆಗೆ ಹೋಗಿಬಂದ ಕಥೆಯನ್ನು ಓದುಗರ ಮುಂದಿಡುತ್ತಿದ್ದೇವೆ.

ಪುಣೆಯ ಕನ್ನಡಿಗರಿಗೂ ಸಮುದ್ರಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ನಮ್ಮ ಮಟ್ಟಿಗೆ ಹೇಳುವುದಾದರೆ ಏನೂ ಇಲ್ಲ. ನಮಗೆ ಖಡಕವಾಸಲೆಯ ಕೆರೆಯೇ ಸಮುದ್ರ. ವಿಶ್ವೇಶ್ವರಯ್ಯನವರು ತಮ್ಮ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಕೂರಿಸಿದ ಸ್ಥಳವೆಂಬ ಅಭಿಮಾನದಿಂದ, ಊರಿನ ನೆಂಟರು ಬಂದಾಗಲೆಲ್ಲ ಅಲ್ಲಿಗೆ ಕರೆದೊಯ್ದು, ಸುಟ್ಟ ಮೆಕ್ಕೆಜೋಳದ ತೆನೆ ತಿನ್ನಿಸಿ ಮರಳುತ್ತೇವೆ. ನೀರಿಗೂ ನಮಗೂ ನಂಟು ಅಷ್ಟೆ. ಆದರೆ ನಮ್ಮ ನೆರೆಮನೆಯ ರಾಯರ ಸಂಗತಿ ಬೇರೆ.

ರಾಯರು ಹೊನ್ನಾವರದವರು. ಶರಾವತಿ ಕಡಲು ಸೇರುವ ಅಳಿವೆಯ ಬಳಿ ಹುಟ್ಟಿ, ಪಿಂಪರಿಯ ಕಾರಖಾನೆಯೊಂದರಲ್ಲಿ ಮೂವತ್ತೈದು ವರುಷ ಯಂತ್ರಗಳ ನಡುವೆ ಕಳೆದವರು. ನಿವೃತ್ತರಾದ ಮೇಲೆ ಕೆಲವರು ತೀರ್ಥಯಾತ್ರೆಗೆ ಹೊರಡುತ್ತಾರೆ. ಕೆಲವರು ಹೌಸಿಂಗ್ ಸೊಸೈಟಿಯ ಸೆಕ್ರೆಟರಿಗಳಾಗುತ್ತಾರೆ. ರಾಯರು ಮಾತ್ರ ತಮ್ಮಂಥವರೇ ಆದ ಇನ್ನೊಬ್ಬ ಮಿತ್ರರೊಡನೆ ಸೇರಿ, ಕೊಂಕಣದ ಒಂದು ಖಾಡಿಯಲ್ಲಿ ಬಿದ್ದುಕೊಂಡಿದ್ದ ಮೂವತ್ತೆರಡಡಿ ಉದ್ದದ ಹಳೆಯ ಮರದ ಹಾಯಿದೋಣಿಯನ್ನು ಕೊಂಡರು. "ಸವತಿಯನ್ನು ತಂದರೆಂದು ನನಗೆ ಬೇಸರವಿಲ್ಲ. ಇಷ್ಟು ಮುದುಕಿಯನ್ನು ತರಬೇಕಿತ್ತೆ?" ಎಂದು ಅವರ ಶ್ರೀಮತಿಯವರು, ಅಂದರೆ ನಮ್ಮ ಅತ್ತಿಗೆಯವರು, ಅಂದಿನಿಂದ ಇಂದಿನವರೆಗೆ ಕೇಳುತ್ತಲೇ ಇದ್ದಾರೆ.

ಮುದುಕಿಯ ಚಾಕರಿ ಮಾಡುತ್ತ ಹತ್ತಾರು ವರುಷ ಸುಖವಾಗಿಯೇ ಕಳೆದವು. 2025ರ ಆರಂಭದಲ್ಲಿ ರಾಯರ ಎದೆಯಲ್ಲಿ ಸಣ್ಣದೊಂದು ನೋವು ಕಾಣಿಸಿ ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಬಂದ ದಿನವೇ ಅತ್ತಿಗೆಯವರು ತೀರ್ಪು ಕೊಟ್ಟರು: "ನಾರಳಿ ಪೂರ್ಣಿಮೆಯ ಒಳಗೆ ಆ ದೋಣಿ ಸರಿಯಾಗಿ ನೀರಿಗಿಳಿಯಬೇಕು. ಇಲ್ಲವಾದರೆ ಮಾರಿಬಿಡಬೇಕು. ಅರ್ಧಮರ್ಧ ಇಟ್ಟುಕೊಂಡು ರಾತ್ರಿಯೆಲ್ಲ ನಿದ್ದೆಗೆಡುವುದು ಇನ್ನು ನಡೆಯದು." ನಾರಳಿ ಪೂರ್ಣಿಮೆಯೆಂದರೆ ನಮ್ಮ ನೂಲುಹುಣ್ಣಿಮೆ. ಕೊಂಕಣದ ಬೆಸ್ತರು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮಳೆಗಾಲದ ಬಿಡುವನ್ನು ಮುಗಿಸುವ ದಿನ.

ಹಾಗೆ ನಿದ್ದೆಗೆಡಿಸುತ್ತಿದ್ದುದು ದೋಣಿಯ ಮೂಗು. ಹಾಯಿದೋಣಿಯ ಮುಂತುದಿಯಿಂದ ನೀರಿನ ಮೇಲೆ ಮುಂದಕ್ಕೆ ಚಾಚಿಕೊಂಡಿರುವ ಮರದ ತೊಲೆಯೊಂದನ್ನು ಚಿತ್ರಗಳಲ್ಲಿ ಓದುಗರು ಕಂಡಿರಬಹುದು. ಇಂಗ್ಲಿಷಿನಲ್ಲಿ ಅದಕ್ಕೆ ಬೌಸ್ಪ್ರಿಟ್ ಎನ್ನುತ್ತಾರೆ. ಉಚ್ಚರಿಸುವಾಗ ನಮ್ಮ ಕಟ್ಟಿಸಿದ ಹಲ್ಲುಗಳಿಗೆ ತೊಂದರೆಯಾಗುವುದರಿಂದ, ಈ ಲೇಖನದ ಮಟ್ಟಿಗೆ ಅದನ್ನು 'ಮೂಗುಮರ' ಎಂದು ಕರೆಯುತ್ತೇವೆ. ಪಂಡಿತರು ಕ್ಷಮಿಸಬೇಕು.

ಮೂಗುಮರ ಅಲಂಕಾರಕ್ಕಾಗಿ ಇರುವುದೆಂದು ನಾವು ತಿಳಿದಿದ್ದೆವು. ಹಾಗಲ್ಲವಂತೆ. ಹಾಯಿ ಕಟ್ಟುವ ಎತ್ತರದ ಕೂವೆಕಂಬವು ಹಿಂದಕ್ಕೆ ಬೀಳದಂತೆ ಅದರ ತಲೆಯಿಂದ ಮುಂದಕ್ಕೆ ಒಂದು ಬಿಗಿಯಾದ ತಂತಿಹಗ್ಗ ಬರುತ್ತದೆ. ಆ ಹಗ್ಗವನ್ನು ಹಿಡಿದುಕೊಂಡಿರುವುದೇ ಮೂಗುಮರದ ತುದಿ. ಕಂಬವು ಆ ತುದಿಯನ್ನು ಮೇಲಕ್ಕೆಳೆದರೆ, ತುದಿಯಿಂದ ನೀರಿನ ಮಟ್ಟದ ತನಕ ಇಳಿದ ಸರಪಳಿಯೊಂದು ಅದನ್ನು ಕೆಳಕ್ಕೆಳೆಯುತ್ತದೆ. ಅಕ್ಕಪಕ್ಕಕ್ಕೆ ಜಗ್ಗದಂತೆ ಎರಡು ಕಡೆ ಎರಡು ಹಗ್ಗ. ಬುಡವು ಹಲಗೆಗಟ್ಟಿನ ಮೇಲಿನ ಎರಡು ಗೂಟಗಳ ನಡುವೆ ಸಿಕ್ಕಿಕೊಂಡಿರುತ್ತದೆ; ನಡುಭಾಗವು ದೋಣಿಯ ಮೂತಿಯ ಮೇಲೆ ಒಂದು ಕಬ್ಬಿಣದ ಉಂಗುರದೊಳಗೆ ಹಾಯುತ್ತದೆ. ಒಟ್ಟಿನಲ್ಲಿ, ಎಲ್ಲರೂ ತಮ್ಮ ತಮ್ಮ ಕಡೆಗೆ ಎಳೆಯುತ್ತಿರುವಾಗ ನಡುವೆ ನಿಂತು ಮನೆಯನ್ನು ನಿಲ್ಲಿಸುವ ಗೃಹಸ್ಥನ ಪಾಡು ಅದರದು. ಈ ಹೋಲಿಕೆಯನ್ನು ಹೇಳಿದಾಗ ಅತ್ತಿಗೆಯವರು, "ಗೃಹಸ್ಥ ಅಲ್ಲ, ಗೃಹಿಣಿ" ಎಂದು ತಿದ್ದಿದರು.

ಮೇ ತಿಂಗಳ ಕಡೆಯ ವಾರ. ಮಳೆಗೆ ಮುಂಚೆ ದೋಣಿಯನ್ನು ದಡಕ್ಕೆಳೆಸಿ ಊರುಗೋಲುಗಳ ಮೇಲೆ ನಿಲ್ಲಿಸಿದ್ದರು. ರಾಯರು, ಶಾಲೆಗೆ ರಜೆಯೆಂದು ಅಜ್ಜನ ಬೆನ್ನು ಹತ್ತಿದ್ದ ಅವರ ಹನ್ನೊಂದು ವರುಷದ ಮೊಮ್ಮಗ, ಮತ್ತು ಬುತ್ತಿಯ ಕಾವಲಿಗೆಂದು ನಾವು, ಹೀಗೆ ಮೂವರು ಹೋದೆವು. ರಾಯರು ಮೂಗುಮರವನ್ನು ಕೊಡತಿಯಿಂದ ತಟ್ಟುತ್ತ ಹೋದರು. ತುದಿಯಲ್ಲಿ ಟಣ್ ಎಂದಿತು. ಕಬ್ಬಿಣದ ಉಂಗುರದ ಬಳಿ ಬಂದಾಗ ತೇವದ ಗೋಡೆಯನ್ನು ಗುದ್ದಿದಂತೆ ಮಂಕಾಗಿ ಬುಸ್ ಎಂದಿತು. ದಬ್ಬಳದಿಂದ ಚುಚ್ಚಿದರು, ಮಾಗಿದ ಹಲಸಿನಲ್ಲಿ ಇಳಿದಂತೆ ಹಿಡಿಯವರೆಗೂ ಇಳಿಯಿತು.

"ಸಮುದ್ರದ ಉಪ್ಪುನೀರು ತಿಂದಿತೆನ್ನಿ" ಎಂದೆವು ನಾವು, ತಿಳಿದವರಂತೆ.

"ಇಲ್ಲ, ಮಾರಾಯರೆ. ಉಪ್ಪುನೀರು ತಿಂದುದಲ್ಲ; ಮಳೆಯ ಸಿಹಿನೀರು ತಿಂದುದು" ಎಂದರು ರಾಯರು.

ಮರವನ್ನು ಕೊಳೆಯಿಸುವ ಬೂಷ್ಟಿಗೆ ಸಿಹಿನೀರು ಪ್ರೀತಿ. ಉಪ್ಪು ಅದಕ್ಕೆ ಆಗದು. ಹಿಂದೆ ಮರದ ಹಡಗು ಕಟ್ಟುವವರು ಹಲಗೆಗಳ ಸಂದಿಗೆ ಉಪ್ಪನ್ನೇ ತುಂಬಿಡುತ್ತಿದ್ದುದು ಇದಕ್ಕಾಗಿ. ನೀರಿನೊಳಗೆ ಮರವನ್ನು ಕೊರೆಯುವ ಹುಳುವಿನ ಕಾಟ ಬೇರೆ. ಅದು ಮೇಲಿರುವ ಮೂಗಿಗೆ ತಾಕುವುದಿಲ್ಲ. ಉಂಗುರದ ಕೆಳಗೆ ಮಳೆಯ ನೀರು ನಿಂತು, ಹರಿದುಹೋಗಲು ದಾರಿಯಿಲ್ಲದೆ, ವರುಷ ವರುಷವೂ ಅಲ್ಲೇ ಇಂಗಿ ಈ ಗತಿಯಾಗಿತ್ತು. ಮನೆಯ ಜಂತಿ ಕೂಡ ಗೋಡೆಯಲ್ಲಿ ಹೂತ ತುದಿಯಲ್ಲಿಯೇ ಮೊದಲು ಕೊಳೆಯುವುದಲ್ಲವೆ? ಕಣ್ಣಿಗೆ ಕಾಣುವ ಭಾಗ ಹೊಳೆಯುತ್ತಿರುತ್ತದೆ. ಹಿಡಿತವಿರುವ ಭಾಗ ಒಳಗೊಳಗೇ ಪುಡಿಯಾಗುತ್ತದೆ.

ದೋಣಿಯ ಪಾಲುದಾರ ಮಿತ್ರರು ಫೋನಿನಲ್ಲಿಯೇ, "ಅಲ್ಯುಮಿನಿಯಮ್ ಕೊಳವೆ ಹಾಕಿಬಿಡಿ, ನಿಶ್ಚಿಂತೆ" ಎಂದರು. ತಪ್ಪು ಮಾತೇನಲ್ಲ, ಹಗುರ, ಕೊಳೆಯದು. ಆದರೆ ಮರದ ದೋಣಿಯ ಉಂಗುರ, ಗೂಟ, ಸರಪಳಿ ಎಲ್ಲವೂ ಮರದ ಮೂಗಿಗಾಗಿ ಆದವು. ಮೂಗು ಬದಲಾದರೆ ಅವೆಲ್ಲ ಬದಲಾಗಬೇಕು. ರಾಯರಿಗೆ ಮರವೇ ಬೇಕಿತ್ತು. ಎರಡು ತಾಸಿನಲ್ಲಿ ಹಳೆಯದನ್ನು ಕಿತ್ತುಬಿಡೋಣವೆಂದು ದಡದ ಇಬ್ಬರು ಹುಡುಗರನ್ನು ಕರೆದುಕೊಂಡು ಮುಂದಿನ ತಂತಿಹಗ್ಗವನ್ನು ಸಡಿಲಿಸತೊಡಗಿದರು.

ಅಷ್ಟರಲ್ಲಿ ತೆಂಗಿನ ಮರಗಳ ಕಡೆಯಿಂದ ಒಬ್ಬ ಮುದುಕರು ಮರಾಠಿಯಲ್ಲಿ ಕೂಗುತ್ತ ಬಂದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ದೋಣಿ ಕಟ್ಟುವ ಸುತಾರರ ಮನೆಯವರು. ಈಗ ಆ ದಡದ ದೋಣಿಗಳೆಲ್ಲ ಫೈಬರಿನವು. ಕಾಕಾನ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ಬಂದವರೇ, "ಸಾಹೇಬ, ಮೂಗು ತೆಗೆಯುವ ಮೊದಲು ತಲೆಯನ್ನು ಕಟ್ಟಬೇಡವೆ?" ಎಂದು ಗದರಿಸಿ, ಕಂಬದ ತಲೆಗೆ ಹೋಗಿದ್ದ ಇನ್ನೊಂದು ಗಟ್ಟಿ ಹಗ್ಗವನ್ನು ತಂದು ದೋಣಿಯ ಮೂತಿಗೇ ಬಿಗಿದು ಗಂಟುಹಾಕಿದರು. ಆಮೇಲೆಯೇ ತಂತಿಯನ್ನು ಬಿಚ್ಚಗೊಟ್ಟರು.

ಮಧ್ಯಾಹ್ನ ಕಳೆಯುತ್ತಿದ್ದಂತೆ ಮೋಡ ಕವಿದು ಮಳೆಗೆ ಮುಂಚಿನ ಗಾಳಿ ಒಮ್ಮೆಗೇ ನುಗ್ಗಿತು. ಕೂವೆಕಂಬ ಹಿಂದಕ್ಕೆ ವಾಲಿತು. ಕಾಕಾ ಕಟ್ಟಿದ ಹಗ್ಗ ತಂಬೂರಿಯ ತಂತಿಯಂತೆ ಸೆಟೆದು ನಿಂತಿತು; ಕಂಬ ಮತ್ತೆ ನೆಟ್ಟಗಾಯಿತು. ಕಂಬದ ಹಿಂದೆ ಹಲಗೆಯ ಮೇಲೆ ಕುಳಿತು ರಾಯರ ಮೊಮ್ಮಗ ಚಕ್ಕುಲಿ ತಿನ್ನುತ್ತಿದ್ದ. ರಾಯರು ಏನೂ ಮಾತಾಡಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತರು. ನಾವು ನೀರು ಕೊಟ್ಟೆವು. ಈ ಸಂಗತಿಯನ್ನು ಅತ್ತಿಗೆಯವರಿಗೆ ಇಂದಿನವರೆಗೂ ಹೇಳಿಲ್ಲ. ಪತ್ರಿಕೆಯಲ್ಲಿ ಓದಿಯೇ ತಿಳಿಯಲಿ ಎಂದು ರಾಯರ ಅಪ್ಪಣೆಯಾಗಿದೆ.

ಹಳೆಯ ಮೂಗುಮರ ಕಳಚಿ ಮರಳಿನ ಮೇಲೆ ಬಿತ್ತು. ರಾಯರು ಕಾರಖಾನೆಯ ಶಿಸ್ತಿನಿಂದ ಅದರ ಉದ್ದ, ದಪ್ಪ, ರಂಧ್ರಗಳನ್ನೆಲ್ಲ ವಹಿಯಲ್ಲಿ ಬರೆದುಕೊಂಡರು. ಒಟ್ಟು ಉದ್ದ ಹತ್ತಡಿ. ಅತಿ ದಪ್ಪವಾದಲ್ಲಿ ಆರಂಗುಲ. ಬರೆದು ಮುಗಿಸಿ, "ಇನ್ನಿದು ಚಹದ ಒಲೆಗೆ" ಎಂದರು. ಹುಡುಗರು ಎತ್ತಿಕೊಂಡೂ ಹೋದರು. ಕಾಕಾ ಕೈತೊಳೆದು ಬಂದವರು ಸುತ್ತ ನೋಡಿ, "ಜುನಂ ಕುಠಂ ಆಹೇ?" ಎಂದು ಕೇಳಿದರು. ಹಳೆಯದು ಎಲ್ಲಿ? ಒಲೆಯ ಕಡೆಗೆ ಹೋದುದು ತಿಳಿದಾಗ ಎಪ್ಪತ್ತು ದಾಟಿದ ಆ ಮನುಷ್ಯ ಓಡಿದ ಓಟವನ್ನು ನಾವು ಮರೆಯುವಂತಿಲ್ಲ. "ಹೊಸದು ಹುಟ್ಟುವ ಮೊದಲು ಹಳೆಯದನ್ನು ಸುಡುತ್ತಾರೆಯೆ?" ಎಂದು ಅದನ್ನು ಹೊರಿಸಿಕೊಂಡು ಹೋಗಿ ತಮ್ಮ ಮಡಲಿನ ಚಪ್ಪರದಲ್ಲಿ ಇಟ್ಟುಕೊಂಡರು. ರಾಯರು ನಮ್ಮ ಕಿವಿಯಲ್ಲಿ, "ಅಳತೆಯೆಲ್ಲ ವಹಿಯಲ್ಲಿದೆ. ಮುದುಕರಿಗೆ ಹಳೆಯದರ ಮೇಲೆ ಮೋಹ" ಎಂದರು. ನಾವು ಹೂಂಗುಟ್ಟಿದೆವು.

ಇನ್ನು ಮರ ಬೇಕಷ್ಟೆ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಎರಡು ದಿನ ಅಲೆದೆವು. ಹತ್ತಡಿ ಉದ್ದಕ್ಕೂ ಎಳೆ ನೆಟ್ಟಗಿರಬೇಕು, ಗಂಟು ಇರಬಾರದು, ಚೆನ್ನಾಗಿ ಆರಿರಬೇಕು ಎಂದೊಡನೆ ವ್ಯಾಪಾರಿಗಳು ನಮ್ಮನ್ನು ವರಾನ್ವೇಷಣೆಗೆ ಬಂದವರಂತೆ ನೋಡಿದರು. ನಿಜವಾಗಿ ಹಡಗಿನ ಕಂಬಗಳಿಗೆಂದೇ ಒಂದು ಕಾಲದಲ್ಲಿ ಹೆಸರುವಾಸಿಯಾಗಿದ್ದ ಮರ ಉತ್ತರ ಕನ್ನಡ, ಕೊಡಗು, ಕೇರಳದ ಘಟ್ಟಗಳದು. ಇಂಗ್ಲಿಷರು ಅದನ್ನು 'ಪೂನ್' ಎನ್ನುತ್ತಿದ್ದರು. ಪೂನಾದಲ್ಲಿ ಪೂನ್ ಹುಡುಕುತ್ತಿದ್ದೇವೆಂದು ನಾವು ನಕ್ಕೆವು. ಆದರೆ ಊರಿಗೂ ಮರಕ್ಕೂ ನಂಟಿಲ್ಲ. ತಮಿಳರ ಪುನ್ನೈ, ಮಲೆಯಾಳಿಗಳ ಪುನ್ನ, ನಮ್ಮ ಕರಾವಳಿಯ ಹೊನ್ನೆ, ಎಲ್ಲ ಒಂದೇ ಬಳಗದ ಮಾತುಗಳು. ಪಾಲು ಹಾಲಾದ ಭಾಷೆಯಲ್ಲಿ ಪಕಾರ ಹಕಾರವಾಗುವುದು ಹೊಸದೇನೂ ಅಲ್ಲವಲ್ಲ. ಬಯಲುಸೀಮೆಯವರು ಹೊನ್ನೆಯೆನ್ನುವ ಮರ ಬೇರೆ. ರಾಯರ ಅಜ್ಜಿ ದೀಪಕ್ಕೆ ಎಣ್ಣೆ ತೆಗೆಯುತ್ತಿದ್ದುದು ಕರಾವಳಿಯ ಹೊನ್ನೆಯ ಬೀಜದಿಂದ; ಹಡಗಿನ ಕಂಬವಾಗುತ್ತಿದ್ದುದು ಅದರ ಘಟ್ಟದ ದಾಯಾದಿ. ಆದರೆ ಒಂದು ದೋಣಿಯ ಮೂಗಿಗಾಗಿ ಘಟ್ಟದ ಮರ ಕಡಿಯಿರೆಂದು ಈ ಕಾಲದಲ್ಲಿ ಯಾರನ್ನು ಕೇಳುವುದು?

ಉಳಿದುದು ಸಾಗುವಾನಿ. ಅದರ ಬಾಳಿಕೆಗೆ ಸಾಕ್ಷಿ ಬೇಕಾದವರು 'ಟ್ರಿಂಕೋಮಲಿ'ಯನ್ನು ನೆನೆಯಬಹುದು. ವಾಡಿಯಾ ಮನೆತನದವರು ಮುಂಬಯಿಯಲ್ಲಿ ಸಾಗುವಾನಿಯಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಆ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರದಲ್ಲಿ ಇಂದಿಗೂ ತೇಲುತ್ತಿದೆ. ನಮಗೆ ಬೇಕಾದ ತುಂಡು ಕಡೆಗೆ ಸಿಕ್ಕಿದುದು ಪೇಠೆಯ ಒಂದು ಹಳೆಯ ವಾಡೆಯನ್ನು ಕೆಡವುತ್ತಿದ್ದಲ್ಲಿ. ಎರಡು ಮೂರು ತಲೆಮಾರು ಮಾಳಿಗೆಯನ್ನು ಹೊತ್ತಿದ್ದ ತೊಲೆ. ಅದಕ್ಕಿಂತ ಚೆನ್ನಾಗಿ ಆರಿದ ಮರ ಎಲ್ಲಿ ಸಿಕ್ಕೀತು? ರಾಯರು ಅಯಸ್ಕಾಂತವನ್ನು ಅದರ ಮೈಮೇಲೆಲ್ಲ ಆಡಿಸಿ, ಒಳಗೆ ಮುರಿದು ಹೂತುಹೋಗಿದ್ದ ಏಳು ಮೊಳೆಗಳನ್ನು ಪತ್ತೆಮಾಡಿ ಕೀಳಿಸಿದರು. ಇಲ್ಲದಿದ್ದರೆ ಕಾಕಾನ ಉಳಿಗಳ ಹಲ್ಲು ಉದುರುತ್ತಿದ್ದವು.

ಜುಲೈ ತಿಂಗಳಲ್ಲಿ, ಹೊರಗೆ ಕೊಂಕಣದ ಮಳೆ ಹೊಯ್ಯುತ್ತಿರುವಾಗ, ಚಪ್ಪರದಲ್ಲಿ ಕೆಲಸ ನಡೆಯಿತು. ಚೌಕದ ತೊಲೆಯನ್ನು ಹೇಗೆ ದುಂಡು ಮಾಡುತ್ತಾರೆಂಬುದನ್ನು ನಾವು ಎಂದೂ ಯೋಚಿಸಿರಲಿಲ್ಲ. ಒಮ್ಮೆಗೇ ದುಂಡು ಮಾಡಲು ಹೊರಟರೆ ಕೆಡುತ್ತದೆ. ಮೊದಲು ಚೌಕವನ್ನು ಎಂಟು ಮುಖ ಮಾಡಬೇಕು, ಎಂಟನ್ನು ಹದಿನಾರು ಮಾಡಬೇಕು, ಆಮೇಲೆ ಅಂಚುಗಳನ್ನು ಸವರಿದರೆ ದುಂಡು ತಾನಾಗಿ ಬರುತ್ತದೆ. ಎಂಟು ಮುಖಕ್ಕೆ ಗೆರೆ ಎಲ್ಲಿ ಹಾಕಬೇಕು? ಕಾಕಾ ಪಾಠದಂತೆ ಹೇಳಿದರು: "ಚೌದಾ, ವೀಸ, ಚೌದಾ." ಆರಂಗುಲವೆಂದರೆ ಬಡಗಿಯ ಲೆಕ್ಕದಲ್ಲಿ ನಲವತ್ತೆಂಟು ಸೂತ. ಅದನ್ನು 14, 20, 14 ಎಂದು ಮೂರು ಪಾಲು ಮಾಡಿ ಗೆರೆ ಎಳೆದು, ಗೆರೆಯಿಂದ ಗೆರೆಗೆ ಮೂಲೆಯನ್ನು ಬಾಚಿಯಿಂದ ಕೆತ್ತಿದರೆ ಎಂಟು ಮುಖ. ರಾಯರು ವಹಿಯಲ್ಲಿ ಲೆಕ್ಕಹಾಕಿ ನೋಡಿ, "ಕೂದಲೆಳೆಯಷ್ಟು ಸರಿಯಾಗಿದೆ!" ಎಂದು ಬೆರಗಾದರು.

ಆದರೆ ಮೂಗು ತುದಿಗೆ ಹೋದಂತೆ ಸಪೂರವಾಗುತ್ತದಲ್ಲ, ಅಲ್ಲಿ 14, 20, 14 ಹೇಗೆ ಸರಿಹೋದೀತು? ಅದಕ್ಕೆ ಕಾಕಾನ ಬಳಿ ಒಂದು ಕೋಲು. ಎರಡು ಕೊನೆಗೆ ಎರಡು ಗೂಟ; ನಡುವೆ ಅದೇ ಪ್ರಮಾಣದಲ್ಲಿ ಎರಡು ಮೊಳೆ. ಗೂಟಗಳು ತೊಲೆಯ ಎರಡು ಅಂಚಿಗೂ ತಾಗಿರುವಂತೆ ಕೋಲನ್ನು ಎಳೆಯುತ್ತ ಹೋದರೆ ಮೊಳೆಗಳು ಗೆರೆ ಕೊರೆಯುತ್ತವೆ. ಮರ ಕಿರಿದಾದಂತೆ ಕೋಲು ಓರೆಯಾಗುತ್ತದೆ. ಪ್ರಮಾಣ ಮಾತ್ರ ಕೆಡುವುದಿಲ್ಲ.

ಮೊಮ್ಮಗನು ಆ ಕೋಲನ್ನು ಹಿಡಿದವನು ಬಿಡಲಿಲ್ಲ. ಅವನ ಕನ್ನಡ ಊಟ, ನಿದ್ದೆ, ಬೈಗುಳ ಎಂಬ ಮೂರು ಇಲಾಖೆಗಳಿಗೆ ಸೀಮಿತವಾಗಿತ್ತು. "ಅಜ್ಜಾ, ಇದಕ್ಕೆ ಏನು ಹೇಳ್ತಾರೆ?" ಎಂದು ಕೇಳತೊಡಗಿದ. ಮರ ನುಣುಪು ಮಾಡುವುದಕ್ಕೆ ಕಾಕಾ ರಂಧಾ ಎಂದರೆ ರಾಯರು ಕೀಸುಳಿ ಎಂದರು. ಕೆತ್ತುವುದಕ್ಕೆ ಕಾಕಾ ವಾಕಸ ಎಂದರೆ ರಾಯರು ಬಾಚಿ ಎಂದರು. ಅರವತ್ತು ವರುಷ ಬಾಯಿಗೆ ಬಾರದಿದ್ದ ಮಾತುಗಳು, ಹೊನ್ನಾವರದ ದೋಣಿ ಆಚಾರಿಯ ಅಂಗಳದಿಂದ ಒಂದೊಂದಾಗಿ ಎದ್ದು ಬಂದುವು.

ನಾಲ್ಕನೆಯ ದಿನ ಬುಡವನ್ನು ಕತ್ತರಿಸುವ ಸಮಯ. ರಾಯರು ವಹಿ ತೆರೆದು, "ಬುಡದ ಮುಖ ಚೌಕ, ನೇರ" ಎಂದರು. ಕಾಕಾ ತಲೆಯಲ್ಲಾಡಿಸಿ, ಹಳೆಯ ಮೂಗುಮರವನ್ನು ಹೊಸದರ ಪಕ್ಕದಲ್ಲಿ ಮಲಗಿಸಿದರು. ಹಳೆಯದರ ಬುಡ ಒಂದು ಕಡೆ ಪುಡಿಯಾಗಿತ್ತು; ಇನ್ನೊಂದು ಕಡೆ ಗಟ್ಟಿಯಾಗಿತ್ತು. ಮೂಲೆಮಟ್ಟ ಇಟ್ಟು ನೋಡಿದರೆ ಅದು ನೇರವಾಗಿರಲಿಲ್ಲ; ಮೂರು ಸೂತ ಓರೆಯಾಗಿತ್ತು. ಮೊದಲು ಕಟ್ಟಿದವನು ದೋಣಿಯ ಬಾಗುವಿಗೆ ತಕ್ಕಂತೆ ಬೇಕೆಂದೇ ಹಾಗೆ ಕೊಯ್ದಿದ್ದ. ನೇರವಾಗಿ ಕೊಯ್ದಿದ್ದರೆ ಭಾರವೆಲ್ಲ ಒಂದೇ ಅಂಚಿನ ಮೇಲೆ ಬಿದ್ದು, ಬುಡ ಬಹುಕಾಲ ಬಾಳುತ್ತಿರಲಿಲ್ಲ. ರಾಯರ ವಹಿಯಲ್ಲಿ ಎಲ್ಲವೂ ಇತ್ತು. ಆ ಮೂರು ಸೂತ ಮಾತ್ರ ಇರಲಿಲ್ಲ. ಅಳೆಯಬೇಕೆಂದು ಅವರಿಗೆ ಹೊಳೆದಿರಲೇ ಇಲ್ಲ. ಅದು ಇದ್ದುದು ಒಲೆಗೆ ಹೊರಟಿದ್ದ ಕೊಳೆತ ಮರದಲ್ಲಿ.

ಹಳೆಯದು ಒಲೆ ಸೇರಿದ ಮೇಲೆ ಎಷ್ಟು ಪಡಿಪಾಟಲು ಪಡಬೇಕಾಗುತ್ತದೆಂಬುದಕ್ಕೆ ನಮ್ಮ ಕಾರವಾರದಲ್ಲಿಯೇ ಒಂದು ದೃಷ್ಟಾಂತವುಂಟು. ನಾವು ಮೊದಲ ಸಲ ಘಟ್ಟವಿಳಿದ ತಿಂಗಳಲ್ಲಿಯೇ, 2025ರ ಮೇ 21ರಂದು, ಅಲ್ಲಿನ ನೌಕಾನೆಲೆಯಲ್ಲಿ 'ಕೌಂಡಿನ್ಯ' ಎಂಬ ಹಡಗು ನೌಕಾದಳವನ್ನು ಸೇರಿತು. ಮೊಳೆಯಿಲ್ಲದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು. ಐದನೆಯ ಶತಮಾನದ ನಮ್ಮ ಹಡಗು ಹೇಗಿತ್ತೆಂದು ತೋರಿಸಬೇಕೆಂಬುದು ಉದ್ದೇಶ. ಆದರೆ ಅಳತೆಗೆ ಅಂದಿನ ಒಂದು ಹಲಗೆಯೂ ಉಳಿದಿಲ್ಲ, ನಕ್ಷೆಯೂ ಇಲ್ಲ. ಇದ್ದುದು ಅಜಂತೆಯ ಗೋಡೆಯ ಚಿತ್ರ. ಅಲ್ಲಿಯ ಎರಡನೆಯ ಗುಹೆಯ ಹಡಗಿಗೂ ಮೂಗುಮರದಂಥದೊಂದು ಇದೆಯೆಂದು, ಆ ಚಿತ್ರಗಳನ್ನು ನಕಲುಮಾಡಿಸಿದ ಗ್ರಿಫಿತ್ಸರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗುರುತಿಸಿದ್ದರು. ಚಿತ್ರದಿಂದ ಅಳತೆ ಹುಟ್ಟಿಸುವುದಕ್ಕೆ ನೌಕಾದಳದವರು ಲೆಕ್ಕ ಹಾಕಬೇಕಾಯಿತು, ಮದ್ರಾಸಿನ ಐ.ಐ.ಟಿ.ಯಲ್ಲಿ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಬೇಕಾಯಿತು. 2023ರ ಸೆಪ್ಟೆಂಬರಿನಲ್ಲಿ ಅಡಿಮರ ಇಟ್ಟು, 2025ರ ಫೆಬ್ರವರಿಯಲ್ಲಿ ಗೋವೆಯಲ್ಲಿ ನೀರಿಗಿಳಿಸಿದರು. ಆದರೂ ಒಂದು ಪುಣ್ಯ: ಹಡಗು ಹೊಲಿಯುವ ವಿದ್ಯೆ ಕೇರಳದ ಬಾಬು ಶಂಕರನ್ ಮತ್ತು ಅವರ ಸಂಗಡಿಗರ ಕೈಯಲ್ಲಿ ಇನ್ನೂ ಜೀವಂತವಾಗಿತ್ತು. ಆ ಕೈಗಳೂ ಇಲ್ಲದಿದ್ದರೆ ಚಿತ್ರ ಚಿತ್ರವಾಗಿಯೇ ಉಳಿಯುತ್ತಿತ್ತು. ಹಾಯಿಯ ಮೇಲೆ ಗಂಡಭೇರುಂಡವನ್ನು ಹೊತ್ತ ಆ ಹಡಗು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, 2026ರ ಜನವರಿ 14ರಂದು, ನಾವು ಎಳ್ಳುಬೆಲ್ಲದ ಸಡಗರದಲ್ಲಿದ್ದಾಗ, ಮಸ್ಕತ್ತನ್ನು ಮುಟ್ಟಿತು.

ನಮ್ಮ ಮುದುಕಿಯ ಕಥೆಗೆ ಮರಳೋಣ. ತುದಿಯ ಕಬ್ಬಿಣದ ಬಳೆಯನ್ನು ಕಾಯಿಸಿ, ಗಾಡಿಯ ಗಾಲಿಗೆ ಪಟ್ಟಿ ಹಾಕುವಂತೆ ಬಡಿದು ಕೂರಿಸಿದರು, ಆರಿದಂತೆ ಬಿಗಿಯಿತು. ಎಣ್ಣೆ ಕುಡಿಸಿದರು. ಉಂಗುರದ ಕೆಳಗೆ ನೀರು ನಿಲ್ಲದಂತೆ ಈ ಸಲ ಒಂದು ಸಣ್ಣ ಕಾಲುವೆ ಬಿಟ್ಟರು. ಇದೊಂದು ಹಳೆಯದರಲ್ಲಿ ಇರಲಿಲ್ಲ. "ಹಳೆಯದರ ತಪ್ಪನ್ನು ಮತ್ತೆ ಮಾಡಬಾರದು. ಆದರೆ ಅದು ಎಲ್ಲಿ ಕೊಳೆತಿತೆಂದು ಹೇಳುವುದೂ ಹಳೆಯದೇ" ಎಂದರು ಕಾಕಾ. ಮೊದಲು ಕೆಳಗಿನ ಸರಪಳಿಯನ್ನು ಬಿಗಿದು, ಆಮೇಲೆ ಮೇಲಿನ ತಂತಿಯನ್ನು ಕಟ್ಟಿದರು. ಕಡೆಗೆ ಆ ದಿನ ಕಟ್ಟಿದ್ದ ತಾತ್ಕಾಲಿಕ ಹಗ್ಗವನ್ನು ಮೊಮ್ಮಗನ ಕೈಯಿಂದ ಬಿಚ್ಚಿಸಿದರು. ಕಂಬ ಅಲುಗಲಿಲ್ಲ.

ನಾರಳಿ ಪೂರ್ಣಿಮೆಯ ದಿನ ತೆಂಗಿನಕಾಯಿಯನ್ನು ನೀರಿಗೆ ಬಿಟ್ಟವರು ಅತ್ತಿಗೆಯವರೇ. "ಮುದುಕಿ ಪರವಾಗಿಲ್ಲ, ಲಕ್ಷಣವಾಗಿದ್ದಾಳೆ" ಎಂದೂ ಹೇಳಿದರು. ಕಾಕಾನ ಕಣ್ಣಿಗೆ ಪೊರೆ ಬಂದಿದೆ. ಬಾಚಿ ಹಿಡಿಯುವುದನ್ನು ಅವರು ಈಗ ಬಿಟ್ಟಿದ್ದಾರೆ. ಗೆರೆ ಹಾಕುವ ಕೋಲು ರಾಯರ ಮೊಮ್ಮಗನ ಬಳಿ ಇದೆ.

ಹಳೆಯ ಮೂಗುಮರ ಏನಾಯಿತೆಂದು ಕೇಳುವಿರಾದರೆ, ಅದು ಟೆಂಪೋ ಹತ್ತಿ ಪುಣೆಗೆ ಬಂದು ರಾಯರ ಮನೆಯ ಪಡಸಾಲೆಯಲ್ಲಿ ಗೋಡೆಯುದ್ದಕ್ಕೂ ಮಲಗಿದೆ. ಹಪ್ಪಳ ಒಣಗಿಸುವುದಕ್ಕೆ ಸ್ಥಳವಿಲ್ಲವೆಂದು ಅತ್ತಿಗೆಯವರ ದೂರು ಹಾಗೆಯೇ ಉಂಟು. ಮೊನ್ನೆ ಹೋದಾಗ ನೋಡಿದೆವು: ಬುಡದ ಓರೆಯ ಬಳಿ ಮೊಮ್ಮಗನು ಗುಂಡು ಗುಂಡು ಕನ್ನಡ ಅಕ್ಷರಗಳಲ್ಲಿ, ಒಂದು ಒತ್ತಕ್ಷರ ತಪ್ಪಾಗಿ, "ಇದು ಅಳತೆ. ಮೂರು ಸೂತ. ಸುಡಬೇಡಿ" ಎಂದು ಬರೆದಿದ್ದಾನೆ. ಎಲ್ಲಿ ಒತ್ತಕ್ಷರ ಎಂದು ಹುಡುಕಬೇಡಿರಿ; ಇಲ್ಲದ ಕಡೆ ಹಾಕಿದ್ದಾನೆ. ಅಜ್ಜ ತಿದ್ದಿಲ್ಲ. ನಾವೂ ತಿದ್ದಲಿಲ್ಲ.

ತಮ್ಮ ಮನೆಗಳಲ್ಲಿ ಯಾವುದಾದರೂ ಹಳೆಯ ವಸ್ತು ಒಲೆಗೆ ಹೊರಟಿದ್ದರೆ, ಒಂದು ಸಲ ಮೂಲೆಮಟ್ಟ ಇಟ್ಟು ನೋಡಬೇಕೆಂದು ಪ್ರಾರ್ಥನೆ.